ಬಾಗಿಲ ಹಿಂದೆ ನಿಂತು ಆರಿಸಿದ ಮೋಟಾರು

ಮೋಟಾರು ಕೊಳ್ಳುವವರಿಗೆ ನಾನು ಸಲಹೆ ಕೊಡುತ್ತಿದ್ದ ಆ ನಾಲ್ಕಾರು ವರ್ಷಗಳಲ್ಲಿ ಒಂದು ಮೋಟಾರನ್ನೂ ಕೈಯಿಂದ ಮುಟ್ಟಿದವಳಲ್ಲ. ಓಡುವ ಮೋಟಾರನ್ನು ಎರಡು ಸಲ ಕಂಡಿದ್ದೆ. ಎರಡೂ ಸಲ ಮಾಳಿಗೆಯ ಕಿಂಡಿಯಿಂದ, ಎರಡೂ ಸಲ ಮೋಟಾರಿಗಿಂತ ಅದರ ಧೂಳನ್ನೇ ಹೆಚ್ಚಾಗಿ. ಆದರೂ ಹಾನಗಲ್ಲಿನಿಂದ, ಶಿಗ್ಗಾಂವಿಯಿಂದ, ಸವಣೂರಿನಿಂದ ದೊಡ್ಡ ರುಮಾಲಿನ ಗೃಹಸ್ಥರು ಬಂಡಿ ಕಟ್ಟಿಸಿಕೊಂಡು ನಮ್ಮ ವಾಡೆಗೆ ಬಂದು, ನನ್ನ ಮಾತು ಕೇಳಿಕೊಂಡು, ಅಲ್ಲಿಂದ ನೇರ ಹುಬ್ಬಳ್ಳಿಗೆ ಹೋಗಿ ಮೋಟಾರು ತರುತ್ತಿದ್ದರು. ಅವರಲ್ಲಿ ಒಬ್ಬರೂ ನನ್ನನ್ನು ನೋಡಿದವರಲ್ಲ. ನಾನು ಬಾಗಿಲ ಹಿಂದೆ ಇರುತ್ತಿದ್ದೆ.

ನಾನು ಅಬಲೂರಿನ ಕನ್ನಡ ಸಾಲಿ ಮಾಸ್ತರರ ಮಗಳು. ಅಪ್ಪ ತಾವು ಕಲಿತಷ್ಟು ಇಂಗ್ಲಿಷನ್ನು ನನಗೂ ಅಣ್ಣನಿಗೂ ಒಂದೇ ಚಾಪೆಯ ಮೇಲೆ ಕೂಡಿಸಿ ಕಲಿಸಿದರು. ಓದುವುದಕ್ಕೆ ಪುಸ್ತಕ ಸಿಗದಿದ್ದಾಗ ಔಷಧದ ಜಾಹೀರಾತು, ಬೀಜದ ಅಂಗಡಿಯ ಪಟ್ಟಿ, ರೈಲಿನ ನಿಯಮ, ಹೀಗೆ ಸಿಕ್ಕಿದ್ದನ್ನು ಓದಿಸುತ್ತಿದ್ದರು. "ಅಂಗಡ್ಯಾಂವ ತಾ ಹೇಳಬೇಕಂದದ್ದನ್ನ ದಪ್ಪಕ್ಷರದಾಗ ಹಾಕ್ತಾನವ್ವಾ, ಮುಚ್ಚಬೇಕಂದದ್ದನ್ನ ಸಣ್ಣಕ್ಷರದಾಗ. ನೀ ದಪ್ಪಕ್ಷರ ಬಿಟ್ಟು ಸಣ್ಣಕ್ಷರ ಓದು" ಎನ್ನುತ್ತಿದ್ದರು. ಈ ಉಪದೇಶವನ್ನು ನಾನು ಗುರುಮಂತ್ರದಂತೆ ಪಾಲಿಸಿದೆ. ಅದರಿಂದ ಆದ ಅನಾಹುತವನ್ನು ಮುಂದೆ ಹೇಳುತ್ತೇನೆ.

ಬಡ ಮಾಸ್ತರನ ಮಗಳು ಹತ್ತಿಮತ್ತೂರಿನ ಆಚೆಯ ಗೌಡರ ವಾಡೆಗೆ ಸೊಸೆಯಾಗಿ ಹೋದದ್ದು ರೂಪದಿಂದಲ್ಲ. ನನ್ನ ಮಾವನವರಿಗೆ ಒಂದು ಹಳೆಯ ಜಮೀನಿನ ದಾವೆ ಇತ್ತು. ಕೋರ್ಟಿನ ಕಾಗದಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತಿದ್ದವು. ಓದಿ ಹೇಳುವ ವಕೀಲರಿಗಿಂತ ಓದಿ ಹೇಳುವ ಸೊಸೆ ಸೋವಿ ಎಂದು ಅವರು ಲೆಕ್ಕ ಹಾಕಿದರು. ತೊಡಕು ಒಂದೇ. ಆ ಮನೆಯಲ್ಲಿ ಸೊಸೆಯಾದವಳು ಮಾವನ ಎದುರು ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ಆದ್ದರಿಂದ ಅವರು ಪಡಸಾಲೆಯ ತೂಗುಮಣೆಯ ಮೇಲೆ ಕೂತು ಒಳಬಾಗಿಲನ್ನು ಮಾತಾಡಿಸುತ್ತಿದ್ದರು, ನಾನು ಅದರ ಹಿಂದೆ ನಿಂತು ಬಾಗಿಲಿಗೆ ಉತ್ತರ ಹೇಳುತ್ತಿದ್ದೆ. "ಬಾಗಲಾ ಏನಂತೈತಿ?" ಎಂದು ಅವರು ಕೇಳಿದರೆ ಕಾಗದದ ಅರ್ಥ ಕೇಳಿದರೆಂದು ತಿಳಿಯಬೇಕು. ಹೊರಗಿನವರಲ್ಲಿ ಎಷ್ಟೋ ಜನ ಗೌಡರ ಮನೆಯ ಬಾಗಿಲಿಗೆ ಇಂಗ್ಲಿಷ್ ಬರುತ್ತದೆಂದೇ ಹೇಳಿಕೊಂಡು ತಿರುಗಿದರು. ಅದನ್ನು ತಿದ್ದುವ ಅವಕಾಶ ನನಗೆ ಸಿಗಲಿಲ್ಲ.

ಆ ಮನೆಯ ಇನ್ನೊಂದು ಶಾಸನವನ್ನೂ ಹೇಳಬೇಕು. ದಿನಾ ಸಂಜೆ ಜಗಲಿಯ ಮೇಲಿನ ದೇವರ ಮುಂದೆ ದೀಪ ಹಚ್ಚಬೇಕಾದವಳು ಮನೆಯ ಕಿರಿಯ ಸೊಸೆ. ಹಿಂದೆ ಯಾವಳೋ ಒಬ್ಬ ಸೊಸೆ ಪಂಚಮಿಗೆಂದು ತವರಿಗೆ ಹೋದವಳು ದೀಪಾವಳಿಯವರೆಗೆ ಬರಲಿಲ್ಲವಂತೆ. ಆ ವರ್ಷವೇ ಮನೆಯವರು ಒಂದು ದಾವೆ ಸೋತರಂತೆ. ದೀಪಕ್ಕೂ ದಾವೆಗೂ ಸಂಬಂಧ ಸ್ಥಾಪಿತವಾದದ್ದು ಹೀಗೆ. ಅಂದಿನಿಂದ ಕಿರಿಯ ಸೊಸೆ ದೀಪದ ಹೊತ್ತಿಗೆ ಹೊಸ್ತಿಲ ಒಳಗೇ ಇರಬೇಕು. ನನಗಿಂತ ಮೊದಲು ಈ ಅಧಿಕಾರ ನನ್ನ ಅತ್ತೆಯವರದಾಗಿತ್ತು. ಒಮ್ಮೆ ಕೈ ಬದಲಾದ ಬತ್ತಿ ಹಿಂದಕ್ಕೆ ಹೋಗುವಂತಿಲ್ಲ. ನನ್ನ ಗಂಡ ಒಬ್ಬನೇ ಮಗ. ಅಂದರೆ ನನ್ನ ಹಿಂದೆ ಇನ್ನೊಬ್ಬ ಸೊಸೆ ಬಂದು ನನಗೆ ಬಿಡುಗಡೆಯಾಗುವುದು ನಾನೇ ಒಬ್ಬ ಮಗನನ್ನು ಹೆತ್ತು, ಬೆಳೆಸಿ, ಲಗ್ನ ಮಾಡಿದ ಮೇಲೆ.

ಅಬಲೂರಿಗೆ ಬಂಡಿಯಲ್ಲಿ ಎರಡು ದಿನದ ದಾರಿ. ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋಗುವುದು ಲೋಕರೂಢಿ. ನಮ್ಮಲ್ಲಿ ತವರೇ ಎಳ್ಳುಂಡೆ ಕಟ್ಟಿಕೊಂಡು ನನ್ನ ಕಡೆ ಬರುತ್ತಿತ್ತು. ಅವ್ವ ಐದು ವರ್ಷ ಹೀಗೆ ಬಂದಳು. ಅಪ್ಪ ತೀರಿಕೊಂಡಾಗ ಸುದ್ದಿ ಬಂದದ್ದು ಮೂರನೆಯ ದಿನ. "ಈಗ ಹೋಗಿ ಮಾಡೂದೇನೈತಿ?" ಎಂದು ಮಾವನವರು ಬಾಗಿಲನ್ನು ಕೇಳಿದರು. ಕೋರ್ಟಿನ ಕಾಗದಗಳಿಗೆಲ್ಲ ಉತ್ತರ ಹೇಳುತ್ತಿದ್ದ ಬಾಗಿಲು ಒಳಗೆ ಹೋಗಿ ಸಂಜೆಯ ದೀಪಕ್ಕೆ ಬತ್ತಿ ಹೊಸೆಯಿತು.

ಮೋಟಾರಿನ ಕ್ಯಾಟಲಾಗುಗಳು ನಮ್ಮ ಮನೆಗೆ ಬರತೊಡಗಿದ್ದು ಆಮೇಲೆ. ಹುಬ್ಬಳ್ಳಿಯ ವ್ಯಾಪಾರಿಗಳು ಜಮೀನುದಾರರ ಹೆಸರು ಹುಡುಕಿ ಹುಡುಕಿ ಕಳಿಸುತ್ತಿದ್ದರು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ನಡುವೆ ನಾನು ಅವುಗಳ ಸಣ್ಣಕ್ಷರಗಳನ್ನೆಲ್ಲ ಓದಿದೆ. ಒಂದು ವರ್ಷದಲ್ಲಿ ಯಾವ ಗಾಡಿಯ ಹೊಟ್ಟೆ ನೆಲಕ್ಕೆಷ್ಟು ಎತ್ತರ, ಯಾವುದರ ತೂಕ ಎಷ್ಟು, ಯಾವುದು ಒಂದು ಡಬ್ಬಿ ಪೆಟ್ರೋಲಿಗೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ನನಗೆ ಎಮ್ಮೆಯ ಹಾಲಿನ ಅಳತೆಯಷ್ಟು ಗೊತ್ತಾಯಿತು. ಮಾವನವರು ಈ ವಿದ್ಯೆಯನ್ನು ಬಂದವರ ಮುಂದೆ ಪ್ರದರ್ಶಿಸಿದರು. ಸುದ್ದಿ ಹರಡಿತು.

ಹಾನಗಲ್ಲಿನ ಇನಾಮದಾರರ ಮನೆಯ ಒಬ್ಬ ತರುಣ ಬಂದದ್ದು ಚೆನ್ನಾಗಿ ನೆನಪಿದೆ.

"ಗೌಡ್ರ, ನನಗ ಸಂತಿಗೆ ಹೋಗೂ ಗಾಡಿ ಬ್ಯಾಡ್ರಿ. ಕುಂತರ ಹಾರಬೇಕು ನೋಡ್ರಿ. ಆದ್ರ ರೊಕ್ಕ ಭಾಳ ಹಾರಬಾರದು" ಎಂದ.

ಮಾವನವರು ಬಾಗಿಲ ಕಡೆ ತಿರುಗಿದರು. "ಗಾಡಿ ಹಾರಬೇಕಂತ, ರೊಕ್ಕ ಹಾರಬಾರದಂತ. ಬಾಗಲಾ ಏನಂತೈತಿ?"

"ಎಂಜಿನ್ನಿಗೆ ಎಷ್ಟ ಕುದುರಿ ಬಲ ಅಂತ ಕೇಳಬ್ಯಾಡ ಅನ್ರಿ, ಭಾರ ಎಷ್ಟ ಅಂತ ಕೇಳಂತ ಹೇಳ್ರಿ. ಎಂಟ ಕುದುರಿಗೆ ಹಗರ ಗಾಡಿ ಕಟ್ಟಿದ್ರ, ಇಪ್ಪತ್ತ ಕುದುರಿಗೆ ಬಣವಿ ಕಟ್ಟಿದ್ದಕ್ಕಿಂತ ಮುಂದ ಓಡತೈತಿ."

"ಎಂಟ ಸಾಕಾಗತಾವೇನ್ರಿ?" ತರುಣನಿಗೆ ಸಂಶಯ. "ನಮ್ಮ ಭಾವನಂತೇಕ ಇಪ್ಪತ್ನಾಕ ಕುದುರಿದು ಐತ್ರಿ."

"ಅವರ ಭಾವ ತಾವೆಷ್ಟ ಭಾರ ಅದಾರ ಕೇಳ್ರಿ."

ಮಾವನವರು ನಕ್ಕಿದ್ದು ತೂಗುಮಣೆಯ ಸರಪಳಿಯ ಸದ್ದಿನಿಂದ ಗೊತ್ತಾಯಿತು. ನಾನು ಮುಂದುವರಿಸಿದೆ. ಹಾರುವ ಗಾಡಿಗೆ ಮೊದಲು ನೋಡಬೇಕಾದದ್ದು ನಿಲ್ಲುವ ಗುಣ. ಎರಡೇ ಗಾಲಿಗೆ ಬ್ರೇಕು ಇದ್ದದ್ದು ಎಷ್ಟು ಚಂದ ಇದ್ದರೂ ಬೇಡ, ನಾಲ್ಕಕ್ಕೂ ಇರಬೇಕು. ನಮ್ಮ ಎರೆ ನೆಲದ ದಾರಿಗಳಲ್ಲಿ ಬಂಡಿಯ ಗಾಲಿ ಕೊರೆದ ಕೊರಕಲು ಮೊಣಕಾಲುದ್ದ ಇರುತ್ತದೆ. ಅದಕ್ಕೆ ಮೊದಲು ಮನೆಗೆ ಹೋಗಿ ನಿಮ್ಮ ಬಂಡಿಯ ಎರಡು ಗಾಲಿಗಳ ನಡುವಿನ ಅಂತರಕ್ಕೆ ಹಗ್ಗ ಹಿಡಿದು ಗಂಟು ಹಾಕಿ, ಆ ಹಗ್ಗವನ್ನು ಹುಬ್ಬಳ್ಳಿಗೆ ಒಯ್ದು ಮೋಟಾರಿನ ಗಾಲಿಗಳಿಗೆ ಹಿಡಿಯಿರಿ. ತಾಳೆಯಾಗದಿದ್ದರೆ ಒಂದು ಗಾಲಿ ಕೊರಕಲಿನಲ್ಲಿ, ಒಂದು ದಿಣ್ಣೆಯ ಮೇಲೆ, ಮಾಲೀಕರು ಮುಳ್ಳುಬೇಲಿಯಲ್ಲಿ. ಬಣ್ಣದ ವಿಷಯ ಕಡೆಗೆ ಯೋಚಿಸಿ. ಎರಡು ಮೈಲಿ ಹೋದ ಮೇಲೆ ಎಲ್ಲ ಗಾಡಿಗಳ ಬಣ್ಣವೂ ಒಂದೇ.

ಆ ತರುಣ ಹಗ್ಗ ಒಯ್ದ. ಗಾಡಿ ಹತ್ತು ವರ್ಷ ಓಡಿತೆಂದು ಆಮೇಲೆ ಕೇಳಿದೆ. ನನ್ನ ಸಲಹೆಯಿಂದ ಕೆಟ್ಟವರು ಸುತ್ತಲ ನಾಲ್ಕು ಸೀಮೆಗಳಲ್ಲಿ ಯಾರೂ ಇಲ್ಲ, ಒಂದು ಮನೆಯ ಹೊರತು.

ಹೀಗೆ ನಾಲ್ಕಾರು ವರ್ಷ ಕಳೆದ ಮೇಲೆ ಒಂದು ಚಳಿಗಾಲದಲ್ಲಿ ಅಣ್ಣನ ಕಾಗದ ಬಂತು. ಅವ್ವನ ಕಣ್ಣಿಗೆ ಮಬ್ಬು ಕವಿದಿದೆ, ಮನುಷ್ಯರ ಗುರುತು ಬಾಗಿಲ ಬೆಳಕಿನಲ್ಲಷ್ಟೇ ಹತ್ತುತ್ತದೆ, ಮುಂದಿನ ಮಳೆಗಾಲಕ್ಕೆ ಅದೂ ಇರಲಿಕ್ಕಿಲ್ಲವೆಂದು ವೈದ್ಯರು ಹೇಳಿದ್ದಾರೆ. ಬಂಡಿಯಲ್ಲಿ ಕರೆತರೋಣವೆಂದರೆ ಸೊಂಟ ತಡೆಯುವುದಿಲ್ಲ. ಕಣ್ಣಿರುವಾಗ ನಿನ್ನ ಮುಖ ಒಂದು ಸಲ ನೋಡಬೇಕು ಅನ್ನುತ್ತಾಳೆ. ಏನು ಮಾಡುವುದೋ ನೀನೇ ತಿಳಿಸು.

ನಾನು ತಿಳಿಸಲಿಲ್ಲ. ಕ್ಯಾಟಲಾಗುಗಳನ್ನು ತೆಗೆದೆ.

ಮಾವನವರಿಗೂ ಆ ಹೊತ್ತಿಗೆ ಮೋಟಾರಿನ ಹುಚ್ಚು ಹತ್ತಿತ್ತು. ಅವರ ಮನಸ್ಸಿನಲ್ಲಿದ್ದದ್ದು ನಾಲ್ಕು ಬಾಗಿಲಿನ ಕರಿಯ ದೊಡ್ಡ ಗಾಡಿ. ಕೋರ್ಟಿನ ಅಂಗಳದಲ್ಲಿ ಇಳಿದರೆ ಎದುರು ಪಕ್ಷದವರು ಹೆದರಬೇಕು. ಅಂಥ ಗಾಡಿ ನಮ್ಮ ದಾರಿಯಲ್ಲಿ ಅಬಲೂರಿಗೆ ಹೋಗಿ ಅದೇ ದಿನ ದೀಪಕ್ಕೆ ಮರಳುವುದು ಅಸಾಧ್ಯವೆಂದು ನನ್ನ ಸಣ್ಣಕ್ಷರದ ಲೆಕ್ಕ ಹೇಳಿತು. ಬೇಕಾದದ್ದು ಹಗುರಾದದ್ದು, ಓಟದ್ದು. ಮಾವನವರು ಒಪ್ಪುವಷ್ಟು ಅಗ್ಗದ್ದು. ಅಂಥದೊಂದು ಹೊಸದಾಗಿ ಬಂದಿತ್ತು. ಹಸಿರು ಬಣ್ಣ, ತಲೆಯ ಮೇಲೆ ಎಳೆದುಕೊಳ್ಳುವ ಬಟ್ಟೆಯ ಹುಡ್ಡು, ಮುಂದಿನ ಗಾಜು ಮಡಚಿ ಮಲಗಿಸಬಹುದು. ಚಿತ್ರದಲ್ಲಿ ಒಬ್ಬ ದೊರೆ, ಒಬ್ಬ ದೊರೆಸಾನಿ ಗಾಳಿಗೆ ಕೂದಲು ಬಿಟ್ಟು ನಗುತ್ತ ಕೂತಿದ್ದರು.

"ಇದೇನು ಮಿಡಚಿ ಇದ್ದಂಗೈತಿ?" ಎಂದು ಮಾವನವರು ಅದನ್ನು ಹಸಿರು ಮಿಡತೆಗೆ ಹೋಲಿಸಿದರು.

"ದೊಡ್ಡದರ ಅರ್ಧಾ ಬೆಲಿ ಅನ್ರಿ. ಪೆಟ್ರೋಲೂ ಅರ್ಧಾ. ಧಾರವಾಡಕ್ಕ ಹೋಗಿ ಕೆಲಸ ಮುಗಿಸಿ ಹೊತ್ತು ಮುಣುಗೂದ್ರಾಗ ಬರಬಹುದು, ಅಲ್ಲಿ ವಸ್ತಿ ಇರೂ ಖರ್ಚಿಲ್ಲ ಅನ್ರಿ."

ತೂಗುಮಣೆ ನಿಂತಿತು. ವಸ್ತಿಯ ಖರ್ಚು ಅವರ ಮರ್ಮಸ್ಥಾನ. "ಎಷ್ಟ ಮಂದಿ ಕುಂಡ್ರಬಹುದು?"

"ಇಬ್ಬರು."

"ಸಾಕು. ಇಬ್ಬರ ಮ್ಯಾಲ ಕುಂತರ ಜಗಳಾ."

ಬೇರೆಯವರಿಗೆ ನಾನು ಕೊಟ್ಟ ಸಲಹೆಗಳೆಲ್ಲ ಪ್ರಾಮಾಣಿಕ. ಇದೊಂದನ್ನು ನಾನು ಸ್ವಾರ್ಥದಿಂದ ಕೊಟ್ಟೆ, ಮತ್ತು ಇದೊಂದೇ ತಪ್ಪಿತು.

ಯುಗಾದಿ ದಾಟಿ ಗಾಡಿ ಬಂತು. ಹುಬ್ಬಳ್ಳಿಯಿಂದ ಒಬ್ಬ ಡ್ರೈವರ ಅದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಅತ್ತೆಯವರು ಕಾಯಿ ಒಡೆದರು. ಮಾವನವರು ಹೊಸ ಧೋತರ ಉಟ್ಟು, ಎಡಗಡೆಯ ಬಾಗಿಲಿನಿಂದ ಹತ್ತಿ ಕೂತರು. ಬಲಗಡೆಯಿಂದ ಡ್ರೈವರ ಹತ್ತಿ ಅವರ ಪಕ್ಕದಲ್ಲೇ ಕೂತ. ಮಾವನವರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಏ, ನೀ ಎಲ್ಲಿ ಕುಂಡ್ರಾಂವಾ?"

"ಇಲ್ಲೇ ರೀ ಗೌಡ್ರ."

"ಇಲ್ಲೇ ಅಂದ್ರ? ನನ್ನ ಭುಜಕ್ಕ ಭುಜಾ ಹಚ್ಚಿ?"

"ಸ್ಟೇರಿಂಗ ಇಲ್ಲೇ ಐತಲ್ರಿ."

"ಅದನ್ನ ಮುಂದ ಒಯ್ದು ಹಚ್ಚಾಕ ಬರೂದಿಲ್ಲೇನು?"

ಮಾಳಿಗೆಯ ಕಿಂಡಿಯಲ್ಲಿ ನಿಂತಿದ್ದ ನನಗೆ ಆಗ ತಿಳಿಯಿತು. ನಮ್ಮ ಸವಾರಿ ಬಂಡಿಯಲ್ಲಿ ಹೊಡೆಯುವ ಆಳು ಎತ್ತುಗಳ ಹಿಂದೆ ಮೂಕಿಯ ಮೇಲೆ ಕೂಡುತ್ತಾನೆ. ಬಂಡಿಯಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂದರೆ ಅವನನ್ನು ಬಿಟ್ಟೇ ಎಣಿಸುವುದು. ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರೂ ಅವನನ್ನು ಸೇರಿಸಿ ಎಣಿಸಿದ್ದಿಲ್ಲ. ಎರಡು ಸೀಟು ಎಂದರೆ ನಾನು ಮತ್ತು ಅತ್ತೆಯವರು ಎಂದು ತಿಳಿದಿದ್ದೆ. ಓಡಿಸುವವನು ಮುಂದೆ ಎಲ್ಲೋ, ಅವನ ಜಾಗದಲ್ಲಿ. ಚಿತ್ರದ ದೊರೆ ದೊರೆಸಾನಿಯರ ಡ್ರೈವರ ಚಿತ್ರ ತೆಗೆಸುವುದಕ್ಕೆ ಸಂಕೋಚಪಟ್ಟು ಇಳಿದು ನಿಂತಿರಬೇಕು ಅಂದುಕೊಂಡಿದ್ದೆ. 'ಟೂ ಸೀಟರ್' ಎಂದು ಮೊದಲ ಪುಟದಲ್ಲಿ ಬೆರಳು ದಪ್ಪದ ಅಕ್ಷರಗಳಲ್ಲಿ ಅಚ್ಚಾಗಿತ್ತು. ದಪ್ಪಕ್ಷರವೆಂದು ಅದರ ಮುಂದೆ ನಾನು ಒಂದು ಗಳಿಗೆಯೂ ನಿಲ್ಲಲಿಲ್ಲ.

ಈಗ ಲೆಕ್ಕ ಹೀಗಾಯಿತು. ವಾಡೆಯ ಸೊಸೆ ಪರಗಂಡಸಿನ ಪಕ್ಕದಲ್ಲಿ ಕೂಡುವಂತಿಲ್ಲ, ಆದ್ದರಿಂದ ಡ್ರೈವರ ಬೇಡ. ಗಂಡ ಓಡಿಸಿದರೆ, ಗಂಡ ಹೆಂಡತಿ ಹಾಡುಹಗಲು ಒಂದೇ ಆಸನದಲ್ಲಿ ನಾಲ್ಕು ಊರ ಮುಂದೆ ಹಾಯುವಂತಿಲ್ಲ. ಜೊತೆಗೆ ಹಿರಿಯ ಹೆಂಗಸು ಇರಲೇಬೇಕು. ಮೂರು ಜನ, ಎರಡು ಸೀಟು.

ಮಾವನವರು ಡ್ರೈವರನನ್ನು ಅವನ ಭುಜದ ಕಾರಣಕ್ಕಾಗಿಯೇ ಹತ್ತು ದಿನದಲ್ಲಿ ಹಿಂದಕ್ಕೆ ಕಳಿಸಿದರು. ಆ ಹತ್ತು ದಿನದಲ್ಲಿ ನನ್ನ ಗಂಡ ಓಡಿಸುವುದನ್ನು ಕಲಿಯಬೇಕಾಯಿತು. ಅವರು ಸಾಧು ಮನುಷ್ಯ. ನಿಲ್ಲಿಸಬೇಕಾದಾಗ ಬ್ರೇಕು ಮರೆತು "ಹೋ, ಹೋ" ಎನ್ನುತ್ತ ಸ್ಟೇರಿಂಗನ್ನು ಹಗ್ಗದಂತೆ ಎದೆಗೆ ಎಳೆದುಕೊಳ್ಳುತ್ತಿದ್ದರು. ಅಂಗಳದ ಕೊನೆಗೆ ತಿಪ್ಪೆ ಇತ್ತು. ಗಾಡಿ ಪ್ರತಿ ಸಲ ಅಲ್ಲಿಯೇ ನಿಂತಿತು. ಮಗ ಪಳಗುವವರೆಗೆ ಮಾವನವರು ಯಲವಿಗಿಯಿಂದ ರೈಲು ಹತ್ತಿಯೇ ಧಾರವಾಡಕ್ಕೆ ಹೋದರು.

ಅಣ್ಣನ ಕಾಗದದ ವಿಷಯವನ್ನು ನಾನು ಅತ್ತೆಯವರಿಗೆ ಹೇಳಿದೆ. ಅವರು ಅಂಗಳಕ್ಕೆ ಹೋಗಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಸೀಟುಗಳ ಹಿಂದೆ, ಹುಡ್ಡಿನ ಬಟ್ಟೆಯ ಕೆಳಗೆ, ಸಾಮಾನು ಇಡುವ ಒಂದು ಗುಂಡಿ ಇತ್ತು. ಎರಡು ಟ್ರಂಕು ಒತ್ತಿಟ್ಟರೆ ಹಿಡಿಯಬಹುದು. ಅತ್ತೆಯವರು ಅದನ್ನು ನೋಡಿದರು, ಒಳಗೆ ಬಂದು ನನ್ನನ್ನು ನೋಡಿದರು.

"ತೆಳ್ಳಗ ಅದಾಳ. ಹಿಡಸ್ತಾಳ."

ಅತ್ತೆಯವರು ಕೇಳಿದ್ದಕ್ಕೆ ಮಾವನವರು ಅಪ್ಪಣೆ ಕೊಟ್ಟರು. ತಾವು ಕೋರ್ಟಿಗೆ ಹೋಗುವ ದಿನ ಬೆಳಗಾಗುತ್ತಲೇ ಹೋಗಬೇಕು, ದೀಪಕ್ಕೆ ಮನೆಯಲ್ಲಿರಬೇಕು. ದೀಪ ತಪ್ಪಬಾರದು.

ಮುಂದೆ ತಾಯಿ ಮಗ, ಹಿಂದೆ ಗುಂಡಿಯಲ್ಲಿ ನಾನು. ಮೊಣಕಾಲು ಗದ್ದಕ್ಕೆ ತಾಗಿತ್ತು. ಯಾರೂ ನೋಡಬಾರದೆಂದು ಹುಡ್ಡು ಎಳೆದು, ಬದಿಗೆ ಪರದೆ ಕಟ್ಟಿ, ಮೇಲೊಂದು ಜಮಖಾನೆ ಹೊದಿಸಿದ್ದರು. ಬಟ್ಟೆಯಲ್ಲಿ ಹಗ್ಗ ಪೋಣಿಸುವ ಒಂದು ಹಿತ್ತಾಳೆಯ ತೂತು ಇತ್ತು, ಜೋಳದ ಕಾಳಿನಷ್ಟು. ಅದಕ್ಕೆ ಕಣ್ಣಿಟ್ಟು ನಾನು ಜಗತ್ತನ್ನು ನೋಡಿದೆ. ಅದೆಲ್ಲವೂ ಹಿಂದಕ್ಕೆ ಹೋಗುತ್ತಿತ್ತು. ಸವಣೂರು ಬಂದದ್ದು ವೀಳ್ಯದೆಲೆಯ ವಾಸನೆಯಿಂದ ಗೊತ್ತಾಯಿತು. ಶಿಗ್ಗಾಂವಿ ಗೊತ್ತಾದದ್ದು ಜನರು "ಮಿಡಚಿ ಬಂತು, ಮಿಡಚಿ" ಎಂದು ಕೂಗಿದ್ದರಿಂದ. ಮಾವನವರ ಉಪಮೆ ಅಷ್ಟು ದೂರ ಹಬ್ಬಿತ್ತು. ಗಾಡಿಯ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಅದು ಓಡಿತು. ಅದರ ಸಣ್ಣಕ್ಷರಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಹೊತ್ತು ನೆತ್ತಿಗೇರುವುದರೊಳಗೆ ಹಾನಗಲ್ಲಿನ ಸೀಮೆ ಮುಟ್ಟಿದ್ದೆವು.

ಅಲ್ಲಿ ಆಡೂರಿಗೆ ಒಂದು ಬಂಡಿದಾರಿ ಹೊರಳುತ್ತದೆ. ಆಡೂರು ಅತ್ತೆಯವರ ತವರು.

"ತಮ್ಮಾ, ಆ ಬೇವಿನ ಗಿಡದ ಹಂತ್ಯಾಕ ಹೊಳ್ಳಸು" ಎಂದರು.

"ಯಾಕಬೇ?" ಎಂದರು ನನ್ನ ಗಂಡ.

"ಹೊಳ್ಳಸು ಅಂದ್ನೆಲ್ಲ. ಒಂದು ತಂಬಿಗಿ ನೀರ ಕುಡದು ಬರ್ತೇನಿ."

"ಹೊತ್ತಾಕ್ಕೈತಿ ಬೇ."

"ಹತ್ತೊಂಬತ್ತ ವರ್ಷ ಆಗೇತಿ. ಒಂದು ತಂಬಿಗಿ ನೀರಿಗೆ ಎಷ್ಟ ಹೊತ್ತು?"

ಒಂದು ತಂಬಿಗೆ ನೀರೆಂದರೆ ಏನೆಂದು ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ತಮ್ಮನ ಹೆಂಡತಿ, ಅವಳ ಸೊಸೆಯರು, ನೆರೆಮನೆಯವರು, ಅಳು, ಹೋಳಿಗೆ, ಉಡಿ ತುಂಬುವುದು. ನಾನು ಗುಂಡಿಯಲ್ಲೇ ಇದ್ದೆ. ಹೊರಗೆ ಬರಬೇಕೆಂದರೆ ಆಡೂರಿನ ಅರ್ಧ ಊರಿನ ಮುಂದೆ ಸೀಟು ಹತ್ತಿ ಹಾರಬೇಕಿತ್ತು. ಒಬ್ಬ ಮುದುಕಿ ಬಂದು ಹುಡ್ಡಿಗೆ ಕಿವಿ ಹಚ್ಚಿದಳು. "ಒಳಗ ಏನೋ ಉಸರಾಡಾಕತ್ತೈತಿ ನೋಡ್ರಿ. ಕರಾ ಹಾಕ್ಕೊಂಡು ಬಂದಾರೇನು?" ಎಂದಳು. ನಾನು ಉಸಿರು ಹಿಡಿದೆ. ತೂತಿನಿಂದ ಬಿದ್ದ ಬಿಸಿಲಿನ ಚುಕ್ಕೆ ನನ್ನ ಮೊಣಕಾಲಿನಿಂದ ಹೊರಟು, ಕೈ ದಾಟಿ, ಸೀಟಿನ ಬೆನ್ನು ಹತ್ತಿತು. ಅಷ್ಟೂ ಹೊತ್ತನ್ನು ನಾನು ಅದರಲ್ಲೇ ಅಳೆದೆ.

ಅತ್ತೆಯವರು ಬಂದು ಕೂತಾಗ ಉಡಿ ತುಂಬಿತ್ತು, ಧ್ವನಿ ಒಡೆದಿತ್ತು. ನನ್ನ ಗಂಡ ಗಡಿಯಾರ ತೆಗೆದರು. "ಈಗ ಅಬಲೂರಿಗೆ ಹ್ವಾದ್ರ ದೀಪಕ್ಕ ಮುಟ್ಟೂದಿಲ್ಲಬೇ. ಇಲ್ಲಿಂದ್ಲೇ ಹೊಳ್ಳಿದ್ರ ಮುಟ್ಟತೇವಿ."

ಎಂಜಿನ್ನು ಗುಣುಗುಡುತ್ತಿತ್ತು.

"ಏ ಹುಡುಗಿ," ಅತ್ತೆಯವರು ಹಿಂದಕ್ಕೆ ತಿರುಗದೆ ಕೇಳಿದರು, "ನೀ ಏನಂತಿ?"

ಆ ಗಳಿಗೆಯಲ್ಲಿ ನಾನು ಹೇಳಬಹುದಾಗಿದ್ದದ್ದು ಎಷ್ಟೋ ಇತ್ತು. ನಾಲ್ಕು ಸೀಮೆಯ ಗಂಡಸರಿಗೆ ಯಾವ ಗಾಡಿ ಕೊಳ್ಳಬೇಕೆಂದು ಹೇಳಿದ ಬಾಯಿ ಅದು. ಆದರೆ ಅಷ್ಟು ವರ್ಷ ಪಳಗಿದ ಬಾಯಿ ಕೂಡ ಅದೇ. "ನಿಮ್ಮ ಮನಸಿಗೆ ಬಂದಂಗ್ರೀ ಅತ್ತಿ" ಎಂದಿತು. ಅದು ಹೊರಗೆ ಬಿದ್ದ ಮೇಲೆ ನಾನು ಜಮಖಾನೆ ಕಚ್ಚಿಕೊಂಡೆ.

"ನನ್ನ ಮನಸಿಗೆ ಆಡೂರಾಗ ಎರಡ ದಿನ ಇರಬೇಕಂತೈತಿ" ಎಂದರು ಅತ್ತೆಯವರು. "ಅದಿರ್ಲಿ. ನಡಿಯೋ ತಮ್ಮಾ, ಅಬಲೂರಿಗೆ ನಡಿ."

"ಅಬೇ, ದೀಪಾ?"

"ದೀಪಿಲ್ಲಂದ್ರ ದೇವರಿಗೇನು ಕಣ್ಣ ಕಾಣಸೂದಿಲ್ಲೇನು? ಕಣ್ಣ ಹೋಗಾಕತ್ತಿದ್ದು ಇಕಿ ಅವ್ವಂದು."

"ಅಪ್ಪಗ ಏನಂತ ಹೇಳೂದು?"

"ಗಾಡಿ ಕೆಟ್ಟಿತ್ತಂತ ನಾ ಹೇಳ್ತೇನಿ."

"ಹೊಸಾ ಗಾಡಿ ಬೇ!"

"ಹೊಸಾವು ಕೆಡೂದಿಲ್ಲೇನು? ನಾವೂ ಒಮ್ಮೆ ಹೊಸಾವ ಇದ್ವಿ."

ವರದಾ ಹೊಳೆಯಲ್ಲಿ ಬೇಸಿಗೆಯ ನೀರು ಗಾಲಿಯ ಅರ್ಧಕ್ಕಿತ್ತು. ದಂಡೆಯಲ್ಲಿ ಬಂಡಿ ದಾಟಿಸಿಕೊಡುವವನೊಬ್ಬ ಎರಡು ಜೋಡಿ ಎತ್ತು ಕಟ್ಟಿ ಗಾಡಿಯನ್ನು ಎಳೆದು ಆಚೆ ಹಾಕಿದ. ಗುಂಡಿಯ ತಳದಿಂದ ನೀರು ಬಂದು ನನ್ನ ಸೀರೆ ತೊಯ್ದಿತು. ಹೊತ್ತು ಮುಳುಗುವ ಮೊದಲು ತಾನು ಮನೆಗೆ ಹೋಗುವವನು, ಅಷ್ಟರಲ್ಲಿ ತಿರುಗಿ ಬರ್ರಿ ಎಂದು ಆತ ಕೂಗಿ ಹೇಳಿದ. ಅಲ್ಲಿಂದ ಮುಂದೆ ಕೆಂಪು ನೆಲ. ಒದ್ದೆಯಾದ ನನ್ನ ಮೇಲೆ ಒಣ ಧೂಳು.

ಅಬಲೂರಿನ ಮನೆಯ ಮುಂದೆ ಗಾಡಿ ನಿಂತಾಗ ನನ್ನ ಕಾಲು ಎರಡೂ ಜೋಮು ಹಿಡಿದಿದ್ದವು. ಅಣ್ಣನೂ ಅತ್ತಿಗೆಯೂ ಒಂದೊಂದು ತೋಳು ಹಿಡಿದು ನನ್ನನ್ನು ಚೀಲ ಇಳಿಸುವಂತೆ ಇಳಿಸಿದರು. ಬರುವ ದಿನವನ್ನು ಅಣ್ಣನಿಗೆ ಬರೆದಿದ್ದೆ. ಅವ್ವ ಬೆಳಗಿನಿಂದ ಕಟ್ಟೆಯ ಮೇಲೆ ಕೂತಿದ್ದಳಂತೆ, ಬೆಳಕು ಇರುವ ಕಡೆ ಮುಖ ಮಾಡಿ.

"ಯಾರು? ಅಕಿನೇನು?"

"ನಾನಬೇ."

"ಇಲ್ಲೆ ಬಾ, ಬೆಳಕಿಗೆ."

ನಾನು ಕೂತಲ್ಲಿಂದಲೇ ಅವಳ ಮುಂದೆ ಸರಿದೆ. ಅವಳು ನನ್ನ ಗದ್ದ ಹಿಡಿದು ಮುಖವನ್ನು ಸೂರ್ಯನ ಕಡೆ ತಿರುಗಿಸಿ, ತನ್ನ ಮುಖವನ್ನು ಒಂದು ಗೇಣಿನಷ್ಟು ಹತ್ತಿರ ತಂದಳು. ಬಹಳ ಹೊತ್ತು ನೋಡಿದಳು.

"ಇದ್ಯಾವ ಬಣ್ಣಾನ ಹುಡುಗಿ? ನೀ ಇಷ್ಟ ಕೆಂಪಗ ಇದ್ದಿಲ್ಲ."

"ಧೂಳಬೇ."

"ಹೋಗು, ಮೋತಿ ತೊಳಕೊಂಡು ಬಾ. ನೆಟ್ಟಗ ನೋಡ್ತೇನಿ."

ಹಾಗೆಂದಳು, ಆದರೆ ಗದ್ದ ಬಿಡಲಿಲ್ಲ. ನಾನು ಏಳಲು ಹೋದರೆ ಬೆರಳು ಇನ್ನಷ್ಟು ಬಿಗಿಯಾದವು. "ತೊಳಕೊಂಡು ಬಾ" ಎಂದು ಮೂರು ಸಲ ಅಂದಳು, ಮೂರು ಸಲವೂ ಹಿಡಿದೇ ಅಂದಳು. ಸೆರಗಿನ ತುದಿಗೆ ಉಗುಳು ಹಚ್ಚಿ ಒಂದು ಕೆನ್ನೆ ಒರೆಸಿದಳು. ಇನ್ನೊಂದು ಕೆನ್ನೆಗೆ ಬರುವಷ್ಟರಲ್ಲಿ ನನ್ನ ಗಂಡ ಹಾರ್ನು ಒತ್ತಿದರು. ಹೊಳೆಯ ದಂಡೆಯ ಎತ್ತು ಮನೆಗೆ ಹೋಗುವ ಹೊತ್ತಾಗಿತ್ತು. ಅತ್ತೆಯವರು ಬಂದು, ಆಡೂರಿನಲ್ಲಿ ತಮಗೆ ತುಂಬಿದ ಉಡಿಯ ಕೊಬ್ಬರಿಯನ್ನು ಅವ್ವನ ಉಡಿಗೆ ಹಾಕಿ, ಅವಳ ಬೆರಳುಗಳನ್ನು ಒಂದೊಂದಾಗಿ ನನ್ನ ಗದ್ದದಿಂದ ಬಿಡಿಸಿದರು.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಮಾವನವರು ಕತ್ತಲಲ್ಲೇ ತೂಗುಮಣೆಯ ಮೇಲೆ ಕೂತಿದ್ದರು. "ಗಾಡಿ ಕೆಟ್ಟಿತ್ತು" ಎಂದರು ಅತ್ತೆಯವರು. ನಾನು ಹೋಗಿ ದೀಪ ಹಚ್ಚಿದೆ. ಅಂದು ಮಾವನವರು ದಾವೆ ಗೆದ್ದು, ವಸ್ತಿ ಇರದೆ ಮಧ್ಯಾಹ್ನದ ರೈಲಿಗೇ ಬಂದಿದ್ದರು. ಮನೆಯ ಹಳೆಯ ತರ್ಕವನ್ನೇ ಹಿಡಿದರೆ ಅಂದಿನಿಂದ ದೀಪವನ್ನು ಹಚ್ಚದೇ ಇರಬೇಕಿತ್ತು. ತರ್ಕವನ್ನು ಯಾರೂ ಅಷ್ಟು ದೂರ ಒಯ್ಯಲಿಲ್ಲ. ಅವರು ಬಾಗಿಲ ಕಡೆ ನೋಡಿ, "ಬಾಗಲಾ ಆರಿಸಿದ ಗಾಡಿ" ಎಂದರು, ಅಷ್ಟೇ. ನಾನು ಅದರ ಪರವಾಗಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅತ್ತೆಯವರು ಸುಳ್ಳಿಯಾಗುತ್ತಿದ್ದರು.

ಕೆಡುವ ಗಾಡಿಯೆಂದು ಹೆಸರಾದ ಮೇಲೆ ಅದು ಸವಣೂರಿನ ಆಚೆ ಹೋಗಲಿಲ್ಲ. ಎರಡು ವರ್ಷದಲ್ಲಿ ಯುದ್ಧ ನಮ್ಮ ಕಡೆಯೂ ತಟ್ಟಿತು, ಪೆಟ್ರೋಲು ಚೀಟಿಗೆ ಬಂತು, ಗಾಡಿ ದನದ ಕೊಟ್ಟಿಗೆಗೆ ಹೋಯಿತು. ಸಾಮಾನಿನ ಗುಂಡಿಯಲ್ಲಿ ಕೋಳಿ ಕಾವು ಕೂತಿತು. ಅದಕ್ಕೆ ಜಾಗ ಸಾಕಷ್ಟಾಯಿತು. ತನ್ನ ಮನೆಗೇ ಕೆಟ್ಟ ಗಾಡಿ ಆರಿಸಿದ ಬಾಗಿಲನ್ನು ಆಮೇಲೆ ಯಾರೂ ಸಲಹೆ ಕೇಳಲು ಬರಲಿಲ್ಲ. ಅತ್ತೆಯವರೂ ಆಡೂರಿಗೆ ಮತ್ತೆ ಹೋಗಲಿಲ್ಲ. ನಾವಿಬ್ಬರೂ ಆ ದಿನದ ಮಾತನ್ನು ಅವರು ಇರುವವರೆಗೆ ಎತ್ತಲಿಲ್ಲ.

ಆ ಮಳೆಗಾಲ ಮುಗಿಯುವ ಮೊದಲೇ ಅವ್ವನಿಗೆ ಬೆಳಕೂ ಕಾಣದಾಯಿತು. ಅವಳು ಇನ್ನೂ ಆರು ವರ್ಷ ಇದ್ದಳು. ತಿಂಗಳಿಗೊಮ್ಮೆ ಅಣ್ಣನ ಕಾಗದ ಬರುತ್ತಿತ್ತು. ಮಳೆ, ಬೆಳೆ, ಯಾರ ಲಗ್ನ, ಯಾವ ಎಮ್ಮೆ ಈಯಿತು, ಎಲ್ಲ ಬರೆದು ಕೊನೆಗೆ ಅವ್ವ ಹೇಳಿದ ಒಂದು ಸಾಲು: ಮುಖ ತೊಳೆದುಕೊಂಡಳೋ ಇಲ್ಲವೋ ಕೇಳು. ಮೊದಲ ಸಲ ಚೇಷ್ಟೆ ಅಂದುಕೊಂಡೆ. ತೊಳೆದುಕೊಂಡಿದ್ದೇನೆ ಎಂದು ಬರೆದೆ. ಪ್ರತಿ ಸಲವೂ ಹಾಗೆಯೇ ಬರೆದೆ. ಅವಳು ಅದನ್ನು ನಂಬಿದಂತೆ ಕಾಣಲಿಲ್ಲ. ಮುಂದಿನ ತಿಂಗಳು ಮತ್ತೆ ಕೇಳುತ್ತಿದ್ದಳು.